ಮುಕ್ಕಾಲು ಮಾತು

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳನ್ನು ಎಲ್ಲರೂ ನಕಲಮ್ಮ ಎಂದೇ ಕರೆಯುತ್ತಿದ್ದರು. ಯಾರ ನಡಿಗೆಯನ್ನಾದರೂ ಒಮ್ಮೆ ನೋಡಿದರೆ ಸಾಕು, ಮರುಗಳಿಗೆ ಅದು ಅವಳ ಕಾಲಿಗೆ ಬರುತ್ತಿತ್ತು. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಅವಳ ಗಂಟಲಲ್ಲಿ ಮನೆ ಮಾಡುತ್ತಿತ್ತು. ಅಲ್ಲಿನ, ಚರ್ಚಿನ ಅಡ್ಡಹೆಸರುಗಳೆಲ್ಲ ಅವಳು ಇಟ್ಟವೇ. ಮಾತಿಗೆ ಮುಂಚೆ ಮೂಗಿನಲ್ಲಿ ಸುಯ್ ಎನ್ನುವ ಮೇಲ್ವಿಚಾರಕ ಕುಕ್ಕರ್. ಪ್ರಸಂಗ ಮುಗಿಸುವ ಮೊದಲು ಮೂರು ಸಲ ‘ಕಡೆಯದಾಗಿ’ ಎನ್ನುವ ಪಾದ್ರಿಯ ಹೆಸರೂ ಕಡೆಯದಾಗಿ. ಪ್ರತಿ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ಮೂಗು ಒರೆಸುತ್ತ, ಅಳುತ್ತ ದೇವರ ಕೃಪೆಗೆ ಸಾಕ್ಷಿ ಹೇಳುವ ವಿಧವೆ ನಲ್ಲಿ.

ಸೊಸೆ ಮುಕ್ಕಾಲು.

ಸೊಸೆಗೆ ಉಗ್ಗು ಇತ್ತು. ಮದುವೆಯಾಗಿ ಬಂದ ದಿನ, ನೆಂಟರು ತುಂಬಿದ ಮನೆಯಲ್ಲಿ ಅವಳು ನೀರು ಕೇಳಲು ಹೋಗಿ ‘ನೀ... ನೀ...’ ಎಂದು ಸಿಕ್ಕಿಹಾಕಿಕೊಂಡಳು. ನಕಲಮ್ಮ ಲೋಟ ಮುಂದೆ ಹಿಡಿದು, “ಪಾಪ, ಕಾಲು ಭಾಗ ಮಾತ್ರ ತಂದಿದ್ದಾಳೆ. ಮುಕ್ಕಾಲು ತವರಲ್ಲೇ ಮರೆತು ಬಂದಿದ್ದಾಳೆ” ಎಂದಳು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುಮಗನೂ ನಕ್ಕ. ಅಂದಿನಿಂದ ಬೀದಿಯಲ್ಲಿ, ಸಭೆಯಲ್ಲಿ, ಆಮೇಲೆ ಅತ್ತೆಯೇ ಕೊಡಿಸಿದ ಬಟ್ಟೆ ಕೋಣೆಯ ಕೆಲಸದಲ್ಲಿ, ಆ ಹುಡುಗಿ ಮುಕ್ಕಾಲು ಆದಳು. ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ನಾಲ್ಕು ವರ್ಷದ ಮೊಮ್ಮಗಳು ಒಂದು ಸಂಜೆ ಕುರ್ಚಿಯ ಮೇಲೆ ಹತ್ತಿ ನಿಂತು, ತಾಯಿಯ ಹಾಗೆ ಕುತ್ತಿಗೆ ಬಿಗಿಹಿಡಿದು, ಕಣ್ಣು ಮುಚ್ಚಿ, “ಬಾ... ಬಾ... ಬಾಗಿಲು” ಎಂದಿತು. ನಂತರ ಅಜ್ಜಿಯ ಮುಖ ನೋಡಿತು. ಅಜ್ಜಿಗೆ ತಡೆಯಲಾಗಲಿಲ್ಲ, ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಮಗು ಚಪ್ಪಾಳೆ ತಟ್ಟಿ, “ಮುಕ್ಕಾಲು, ಬಾಗಿಲು ಹಾಕು” ಎಂದು ತಾಯಿಗೆ ಅಪ್ಪಣೆ ಕೊಟ್ಟಿತು.

ಸೊಸೆ ಬಾಗಿಲು ಹಾಕಿದಳು. ಅದರ ಜೊತೆಗೆ ಬಾಯನ್ನೂ ಮುಚ್ಚಿದಳು. ಕೋಣೆಯೊಳಗೆ ಗಂಡನೊಂದಿಗೆ, ಮಗುವಿನೊಂದಿಗೆ ಪಿಸುಮಾತು ಇದ್ದಿರಬಹುದು. ಅತ್ತೆಯ ಎದುರು ಮಾತ್ರ ಒಂದು ಅಕ್ಷರವೂ ಇಲ್ಲ. ಹೌದಿಗೂ ಅಲ್ಲಕ್ಕೂ ತಲೆ ಆಡಿಸುವುದಷ್ಟೆ. ಹೀಗೆ ಹನ್ನೊಂದು ತಿಂಗಳು.

ಮೊದಲ ತಿಂಗಳು ನಕಲಮ್ಮ, “ಉಳಿದ ಕಾಲು ಭಾಗಾನೂ ಕಳೆದುಕೊಂಡ್ಳು” ಎಂದು ನಗಿಸಿದಳು. ಎರಡನೆಯ ತಿಂಗಳು ಆ ಮಾತು ಅವಳಿಗೇ ರುಚಿಸಲಿಲ್ಲ. ಯಾಕೆಂದರೆ ಅವರಿಬ್ಬರದು ಹಾಸಿಗೆ ಬಟ್ಟೆ ಮಡಿಸುವ ಜೋಡಿ. ಒಬ್ಬಳು ಎರಡು ತುದಿ, ಇನ್ನೊಬ್ಬಳು ಎರಡು ತುದಿ. ಬಿಗಿಯಾಗಿ ಎಳೆದು, ಒದರಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ದಿನಕ್ಕೆ ಮುನ್ನೂರು ಸಲ ಆ ಮುಖ ಅವಳ ಮುಖದಿಂದ ಗೇಣು ದೂರಕ್ಕೆ ಬರುತ್ತಿತ್ತು. ಮುನ್ನೂರು ಸಲ ಬೆರಳು ಬೆರಳಿಗೆ ತಾಕುತ್ತಿತ್ತು. ಕಣ್ಣು ಮಾತ್ರ ಒಮ್ಮೆಯೂ ಸೇರುತ್ತಿರಲಿಲ್ಲ. ಕುಡುಕನಿಗೆ ಸೀಸೆ ಹೇಗೋ ತನಗೆ ನಾಲಿಗೆ ಹಾಗೆ ಎಂದು ಅವಳಿಗೆ ತಿಳಿದದ್ದು ಪಾದ್ರಿಯ ಯಾವ ಪ್ರಸಂಗದಿಂದಲೂ ಅಲ್ಲ, ಆ ಗೇಣು ದೂರದಿಂದ. ಅವಳಿಗೆ ಬೇಕಾದದ್ದು ಒಂದೇ: ಈ ಹುಡುಗಿ ತನ್ನೊಂದಿಗೆ ಮತ್ತೆ ಮಾತಾಡಬೇಕು, ಉಗ್ಗಿಯಾದರೂ, ಬೈದಾದರೂ.

ಅವಳು ಚಟ ಬಿಡಲು ಹೊರಟಳು. ಬೆಳಿಗ್ಗೆ ಎದ್ದ ಕೂಡಲೇ, “ಕರ್ತನೇ, ನನ್ನ ಬಾಯಿ ಹಿಡಿ” ಎನ್ನುತ್ತಿದ್ದಳು. ಕೆಲಸದ ಕೋಟಿನ ಜೇಬಿನಲ್ಲಿ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು. ಕುಚೋದ್ಯ ನಾಲಿಗೆಗೆ ಬಂದಾಗಲೆಲ್ಲ ಅದನ್ನು ಕಿರುಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ವಾರದೊಳಗೆ ಉಗುರು ನೀಲಿಯಾಯಿತು.

“ಏನಮ್ಮ, ದೇವರು ನಾಲಿಗೆಗೆ ಇಸ್ತ್ರಿ ಹಾಕಿಬಿಟ್ನಾ?” ಎಂದು ಇಸ್ತ್ರಿಯವಳು ಕೆಣಕಿದಳು.

“ಹಾಕ್ತಾ ಇದ್ದಾನೆ. ಸುಕ್ಕು ಜಾಸ್ತಿ ಇದೆ.”

“ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯೆ? ಈ ಹಬೆಯಲ್ಲಿ ನಗೋಕೆ ನೀನೊಬ್ಳೇ ಗತಿ.”

ನಲವತ್ತು ದಿನ ತಡೆದಳು. ನಲವತ್ತೊಂದನೆಯ ದಿನ ಹೊಸ ಡಾಕ್ಟರೊಬ್ಬ ಓಣಿಯಲ್ಲಿ ಬಾತುಕೋಳಿಯಂತೆ ಹಾದುಹೋದ. ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳ ಕಾಲು ಅವನ ನಡಿಗೆಯಲ್ಲಿ ಹೊರಟುಹೋಗಿತ್ತು. ನಗುವಿಗೆ ಹಸಿದಿದ್ದ ಹೆಂಗಸರು ಮೇಜು ಕುಟ್ಟಿ ನಕ್ಕರು. ಊರು ಬಿಟ್ಟವಳು ಮನೆಗೆ ಮರಳಿದಷ್ಟು ಹಿತವಾಯಿತು ಅವಳಿಗೆ. ಆ ಹಿತಕ್ಕೇ ಹೆದರಿ ಸಂಜೆ ಪಾದ್ರಿಯ ಬಳಿಗೆ ಹೋಗಿ ಹೇಳಿಕೊಂಡಳು.

“ಬಿದ್ದೆ ಅಂತ ಅಲ್ಲೇ ಮಲಗಬೇಡಮ್ಮ, ಏಳು,” ಎಂದ ಪಾದ್ರಿ. “ಸಭೆ ಮುಂದೆ ನಿಂತು ಒಪ್ಪಿಕೋ. ಎಲ್ಲರ ಎದುರು ಹರಿದದ್ದನ್ನ ಮೂಲೆಯಲ್ಲಿ ಹೊಲಿಯೋಕಾಗಲ್ಲ.”

ಭಾನುವಾರದ ಕೂಟದಲ್ಲಿ ಅವಳು ಎದ್ದು ನಿಂತಳು. ಮೂರನೆಯ ಸಾಲಿನಲ್ಲಿ ಸೊಸೆ, ತೊಡೆಯ ಮೇಲೆ ಮಗು. “ನನ್ನ ನಾಲಿಗೆಯಿಂದ ನಾನು ಒಬ್ಬಳ ಬಾಯಿ ಕಟ್ಟಿದ್ದೀನಿ. ಅವಳು ನನ್ನ ಸೊಸೆ...” ಎನ್ನುವಾಗ ದನಿ ನಡುಗಿತು. ಕಣ್ಣೀರು ಹರಿಯಿತು. ಅವಳು ಮೂಗು ಒರೆಸಿಕೊಂಡಳು.

ಹಿಂದಿನ ಬೆಂಚಿನಿಂದ ಕಿಸಕ್ ಎಂದು ಒಂದು ನಗು. “ನಲ್ಲಿ! ಥೇಟ್ ನಲ್ಲಿ!” ಎಂದು ಯಾರೋ ಪಿಸುಗುಟ್ಟಿದರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. “ಇಲ್ಲ, ಇದು ನಾನೇ, ನಿಜವಾಗಿ ನಾನೇ” ಎಂದು ಅವಳು ಅಂಗಲಾಚಿದಷ್ಟೂ ಜನ ಬಿದ್ದು ಬಿದ್ದು ನಕ್ಕರು. ನಲ್ಲಿಯ ನಕಲನ್ನು ಇಷ್ಟು ಚೆನ್ನಾಗಿ ಅವಳು ಹಿಂದೆಂದೂ ಮಾಡಿರಲಿಲ್ಲ ಎಂದುಕೊಂಡರು. ಪಾದ್ರಿ ಕೂಡ ತುಟಿ ಕಚ್ಚಿಕೊಂಡು ನೆಲ ನೋಡಿದ. ಮುಂದಿನ ಸಾಲಿನಲ್ಲಿದ್ದ ವಿಧವೆ ಮೆಲ್ಲಗೆ ಎದ್ದು, ಕೊಡೆ ಎತ್ತಿಕೊಂಡು ಹೊರಗೆ ಹೋದಳು. ಆಕೆ ಮತ್ತೆಂದೂ ಸಾಕ್ಷಿ ಹೇಳಲಿಲ್ಲ. ಪಾಪ ತೊಳೆಯಲು ಹೋದ ನೀರೇ ಇನ್ನೊಬ್ಬಳ ಮೇಲೆ ಚೆಲ್ಲಿತ್ತು.

ಸೊಸೆ ನಗಲಿಲ್ಲ. ಅತ್ತೆಯನ್ನೇ ದಿಟ್ಟಿಸಿ ನೋಡುತ್ತಿದ್ದಳು, ಪಾಠ ಕಲಿಯುವವಳ ಹಾಗೆ.

ಸೋಮವಾರ ಬಟ್ಟೆ ಕೋಣೆಗೆ ಆ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. “ಇನ್ನೊಂದ್ಸಲ ಮಾಡೇ. ನಾವು ನೋಡಿಲ್ಲ” ಎಂದು ಇಸ್ತ್ರಿಯವಳು ದುಂಬಾಲು ಬಿದ್ದಳು. ನಕಲಮ್ಮ ಹಾಸಿಗೆ ಬಟ್ಟೆಯ ಎರಡು ತುದಿ ಎತ್ತಿಕೊಂಡಳು. ಸೊಸೆ ಎದುರಿನ ಎರಡು ತುದಿ ಹಿಡಿದಳು. ಎಳೆದರು, ಒದರಿದರು.

ಆಗ ಸೊಸೆ ಬಾಯಿ ತೆಗೆದಳು.

“ನನ್ನ ನಾಲಿಗೆಯಿಂದ ನಾನು ಒಬ್ಬಳ ಬಾಯಿ ಕಟ್ಟಿದ್ದೀನಿ,” ಎಂದಳು. ಅತ್ತೆಯದೇ ದನಿ. ಅದೇ ನಡುಕ. ಎಡಭುಜಕ್ಕೆ ಮೂಗು ಒರೆಸುವ ಅದೇ ಚಾಳಿ. ತನಗೆ ಅಂಥದೊಂದು ಚಾಳಿ ಇದೆ ಎಂದು ನಕಲಮ್ಮನಿಗೇ ಗೊತ್ತಿರಲಿಲ್ಲ. “ಅವಳು ನನ್ನ ಸೊಸೆ. ಇಲ್ಲ, ಇದು ನಾನೇ, ನಿಜವಾಗಿ ನಾನೇ.” ಎಲ್ಲಿಯೂ ಉಗ್ಗಿಲ್ಲ. ಇನ್ನೊಬ್ಬರ ದನಿಯಲ್ಲಿ ಅವಳ ಮಾತು ಎಣ್ಣೆ ಹರಿದಂತೆ ಹರಿಯಿತು.

ಕೋಣೆ ಒಡೆದು ಹೋಗುವಂತೆ ನಕ್ಕಿತು. ಇಸ್ತ್ರಿಯವಳು ನೆಲಕ್ಕೆ ಕುಸಿದಳು. ಕುಕ್ಕರ್ ಕೂಡ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ.

ನಕಲಮ್ಮನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ನಾಲ್ಕೇ ಮಾತು. ಅಷ್ಟು ಹರಿತವಾದದ್ದು ಅವಳಿಗೆ ಆಯುಷ್ಯದಲ್ಲೇ ಹೊಳೆದಿರಲಿಲ್ಲ. ಆಡಿದ್ದರೆ ನಗು ಅವಳ ಕಡೆ ತಿರುಗುತ್ತಿತ್ತು. ಸೊಸೆ ಈ ಜನ್ಮದಲ್ಲಿ ಇನ್ನು ಬಾಯಿ ತೆಗೆಯುತ್ತಿರಲಿಲ್ಲ. ಕ್ಲಿಪ್ಪು ಜೇಬಿನಲ್ಲಿತ್ತು. ಎರಡೂ ಕೈ ಬಟ್ಟೆಯ ತುದಿಯಲ್ಲಿದ್ದವು. ಕರ್ತನೇ, ಹಿಡಿ, ಎಂದುಕೊಂಡಳು. ಹಲ್ಲು ಕಚ್ಚಿದಾಗ ನಾಲಿಗೆ ಮಧ್ಯೆ ಸಿಕ್ಕಿ ಬಾಯೆಲ್ಲ ಉಪ್ಪುಪ್ಪಾಯಿತು.

ಅವಳು ನಡೆದುಬಂದು ತುದಿಗೆ ತುದಿ ಸೇರಿಸಿದಳು. ಗೇಣು ದೂರದಲ್ಲಿ ಸೊಸೆಯ ಮುಖ ಮಾತಿನ ಏಟಿಗೆ ಕಾದು ಬಿಗಿದುಕೊಂಡಿತ್ತು. ಏಟು ಬರಲಿಲ್ಲ.

“ನಾ... ನಾ... ನಾಳೆನೂ ಮಾ... ಮಾಡ್ತೀನಿ,” ಎಂದಳು ಸೊಸೆ, ತನ್ನದೇ ದನಿಯಲ್ಲಿ, ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು. “ದಿ... ದಿನಾ ಮಾಡ್ತೀನಿ.”

ನಕಲಮ್ಮ ಬಾಯಲ್ಲಿದ್ದ ರಕ್ತ ನುಂಗಿದಳು.

“ಮಾಡು,” ಎಂದಳು. “ಆ ತುದಿ ಬಿಗಿಯಾಗಿ ಹಿಡ್ಕೋ.”