ಒಂದು ವೀಳ್ಯಕ್ಕೆ ಒಂದು ಮದುವೆ

ಜನಪದ ಹಾಡಿಗೆ ಒಡೆಯರಿಲ್ಲ ಎಂದು ಯಾರಾದರೂ ಭಾಷಣ ಬಿಗಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಡೇನು ಆಕಾಶದಿಂದ ಉದುರಿತೆ? ನಮ್ಮ ಅವ್ವ ಸೋಬಾನೆ ಕಟ್ಟುವುದನ್ನು ನಾನು ಕಣ್ಣಾರೆ ಕಂಡವಳು. ಅಕ್ಕಿ ಕೇರುತ್ತ ಒಂದು ಸಾಲು ಗುನುಗುವಳು, ಸರಿಬರದಿದ್ದರೆ ತಲೆ ಕೊಡವಿ ಇನ್ನೊಂದು ಪದ ಹುಡುಕುವಳು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಮೊರದಲ್ಲೇ ಬಾರಿಸುವವಳಂತೆ ನೋಡುತ್ತಿದ್ದಳು.

ಕವಲೇದುರ್ಗದ ಕೆಳಗಿನ ನಮ್ಮ ಹಳ್ಳಿಯಲ್ಲಿ ಇದಕ್ಕೊಂದು ರೂಢಿಯಿತ್ತು. ಒಬ್ಬಳು ಕಟ್ಟಿದ ಹಾಡನ್ನು ಬೇರೆ ಮನೆಯ ಮದುವೆಯಲ್ಲಿ ಹಾಡಬೇಕಾದರೆ, ಆ ಮನೆಯ ಹೆಂಗಸು ಎಲೆ ಅಡಿಕೆ ತಂದು ಅವಳ ಮುಂದಿಟ್ಟು ಕೇಳಬೇಕು. ಅವಳು ವೀಳ್ಯ ತೆಗೆದುಕೊಂಡು 'ಹಾಡ್ಕೊಳ್ಳಿ' ಎಂದರೆ ಆಯಿತು. ಆದರೆ ಒಂದು ವೀಳ್ಯಕ್ಕೆ ಒಂದೇ ಮದುವೆ. ಮುಂದಿನ ಮದುವೆಗೆ ಮತ್ತೆ ಬಂದು ಕೇಳಬೇಕು. ಅವ್ವ ಯಾರಿಗೂ ಇಲ್ಲ ಎಂದದ್ದನ್ನು ನಾನು ನೋಡಿಲ್ಲ. ಕೇಳದೆ ಹಾಡಿದವಳ ಮನೆಗೆ ವರ್ಷಗಟ್ಟಲೆ ಕಾಲಿಡದಿದ್ದುದನ್ನು ಮಾತ್ರ ನೋಡಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನಾಗ ಸಾಗರದಲ್ಲಿ ಶಾಲೆ ಟೀಚರ್. ಅವ್ವ ನನ್ನ ಬಿಡಾರಕ್ಕೆ ಬಂದಿದ್ದಾಗ, ತಾಳಗುಪ್ಪದ ರೈಲು ಹಿಡಿದು ಬೆಂಗಳೂರಿನ ರೆಕಾರ್ಡ್ ಕಂಪನಿಯವರೊಬ್ಬರು ಟೇಪ್ ಯಂತ್ರ ಹೊತ್ತುಕೊಂಡು ಬಂದರು. ಯಾರೋ ಹೇಳಿಕೊಟ್ಟಿದ್ದರು, ಎಲೆ ಅಡಿಕೆಯನ್ನೂ ತಂದಿದ್ದರು. ಅವ್ವನಿಗೆ ಅಷ್ಟರಿಂದಲೇ ಹಿಗ್ಗು. ವೀಳ್ಯ ತೆಗೆದುಕೊಂಡು ಹಾಡಿದಳು, ಕೊನೆಗೆ 'ಹಾಡ್ಕೊಳ್ಳಿ' ಎಂದೂ ಹೇಳಿದಳು.

"ಮದುವೆ ಯಾವಾಗ?" ಎಂದು ಕೇಳಿದಳು.

ಅವರು ನಕ್ಕು, "ಸದ್ಯದಲ್ಲೇ ಅಮ್ಮಾ" ಎಂದರು. ಅವರ ಮನೆಯಲ್ಲಿ ತಂಗಿಯದೋ ಮಗಳದೋ ಮದುವೆ ಇದೆಯೆಂದು ಅವ್ವ ನಂಬಿದಳು. ನಾನೂ ಹಾಗೆಯೇ ಅಂದುಕೊಂಡೆ. ನಮಗೆ ಗೊತ್ತಿದ್ದ ಕಾನೂನು ಅದೊಂದೇ.

ಮರುವರ್ಷ ಹೊಸನಗರದ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆವು. ಚಪ್ಪರದ ಮೈಕಿನಲ್ಲಿ ಗ್ರಾಮಫೋನ್ ಪ್ಲೇಟು ಹಾಕಿದರು. ಅವ್ವನ ಹಾಡು, ಬೇರೆ ಯಾರದೋ ಗಂಟಲು. ಅವ್ವ ಪಂಕ್ತಿಯಿಂದ ಏಳಲಿಲ್ಲ, ಎಲೆಯಲ್ಲಿದ್ದುದನ್ನು ಮುಟ್ಟಲೂ ಇಲ್ಲ. ನಾನು ಹೋಗಿ ಪ್ಲೇಟು ಕೈಗೆತ್ತಿಕೊಂಡು ನೋಡಿದೆ. ಹಾಡಿದವಳ ಹೆಸರಿತ್ತು, ವಾದ್ಯದವರ ಹೆಸರಿತ್ತು. ಕಟ್ಟಿದವರ ಜಾಗದಲ್ಲಿ 'ಜನಪದ' ಎಂದಿತ್ತು. ಹೆತ್ತವಳು ಮುಂದೆ ಕೂತಿರುವಾಗಲೇ ಕೂಸನ್ನು ಅನಾಥ ಎಂದು ಬರೆದಿದ್ದರು.

ಅದಾದ ಮೇಲೆ ತೀರ್ಥಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಕೋಣೆ ಕಟ್ಟಿಸಲು ಟಿಕೆಟ್ ಇಟ್ಟು ಸಂಗೀತ ಕಾರ್ಯಕ್ರಮ ಮಾಡಿದರು. ನನ್ನನ್ನೂ ಹಾಡಲು ಕರೆದರು. ಆ ಹಾಡನ್ನೇ ಹಾಡುತ್ತೇನೆ, ಕಟ್ಟಿದವಳು ಯಾರೆಂದು ಸಭೆಯಲ್ಲಿ ಹೇಳಿಯೇ ಹಾಡುತ್ತೇನೆ ಎಂದು ನಿಶ್ಚಯಿಸಿದೆ. ಅದಕ್ಕೇ ಅವ್ವನನ್ನು ಕರೆಸಿದೆ. ಮೈಕಿನವನು ಊರಿನಲ್ಲಿ ರೇಡಿಯೊ, ಪ್ಲೇಟುಗಳ ಅಂಗಡಿ ಇಟ್ಟವನು, ಆ ಕಂಪನಿಯ ಏಜೆಂಟನೂ ಹೌದು. ಮಧ್ಯಾಹ್ನವೇ ಶಾಲಾ ಸಮಿತಿಯ ಕಾರ್ಯದರ್ಶಿಗಳನ್ನು ಜೊತೆಗಿಟ್ಟುಕೊಂಡು ಬಂದ.

"ಟೀಚರ್ರೇ, ಆ ಹಾಡೊಂದು ಬಿಟ್ಟುಬಿಡಿ. ಟಿಕೆಟ್ ಇಟ್ಟು ಹಾಡೋದಾದ್ರೆ ಕಂಪನಿ ಅಪ್ಪಣೆ ಬೇಕು. ಹಕ್ಕು ಅವರ್ದು."

"ಪ್ಲೇಟಿನ ಮೇಲೆ ಜನಪದ ಅಂತ ಬರ್ದಿದೀರಲ್ಲ?"

"ಹೌದು."

"ಯಾರದ್ದೂ ಅಲ್ಲ ಅಂದ್ರೆ ನಿಮ್ಮದು ಹೆಂಗಾಯ್ತು? ಯಾರದ್ದೋ ಒಬ್ಬರದ್ದು ಅಂದ್ರೆ ನಮ್ಮವ್ವಂದು. ಎರಡರಲ್ಲಿ ಒಂದು ಹೇಳಿ ಮಾರಾಯ್ರೇ."

ಅವನು ಕೆಟ್ಟವನಲ್ಲ. ಕಂಪನಿಯವರು ಏಜೆನ್ಸಿ ಕಿತ್ತುಕೊಂಡರೆ ಎಂಬ ಭಯ. ಕಾರ್ಯದರ್ಶಿಗಳಿಗೆ ಕೋರ್ಟಿನ ಭಯ. "ನಿಮ್ಮ ತಾಯಿಯವರದ್ದೇ ಅನ್ನೋದಕ್ಕೆ ಏನು ಸಾಕ್ಷಿ?" ಎಂದರು. ಅವ್ವ ಅಲ್ಲೇ ಕಂಬಕ್ಕೊರಗಿ ನಿಂತಿದ್ದಳು. ಗಂಡಸರ ನಡುವೆ ಮಾತಾಡಿ ರೂಢಿಯಿಲ್ಲ, ನೆಲ ನೋಡುತ್ತಿದ್ದಳು. ಅವಳು ಸುಮ್ಮನಿದ್ದುದಕ್ಕೆ ನನಗೆ ಅವರಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಸಂಜೆ ವೇದಿಕೆ ಹತ್ತಿದೆ. ಹಾಡನ್ನು ಕಟ್ಟಿದವಳು ನನ್ನ ತಾಯಿ, ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ ಎಂದೆ. ಮೊದಲ ಸಾಲು ಎತ್ತಿದ್ದೇ ತಡ, ಮೈಕು ಸತ್ತಿತು. ತಿರುಗಿ ನೋಡಿದರೆ ಅಂಗಡಿಯವನ ಕೈ ಇನ್ನೂ ಗುಂಡಿಯ ಮೇಲೇ ಇತ್ತು. ಗಂಟಲು ಏರಿಸಿ ಹಾಡಿದೆ. ಹಿಂದಿನ ಸಾಲಿನವರು "ಕೇಳ್ತಿಲ್ಲ, ಕೇಳ್ತಿಲ್ಲ" ಎಂದು ಕೂಗಿದರು. ಕಾರ್ಯದರ್ಶಿಗಳು ಓಡಿಬಂದು, "ಬೇಡ ತಾಯಿ, ಬೇರೆ ಹಾಡು ಹಾಡಿ" ಎಂದು ಕೈಮುಗಿದರು.

ಆಗ ಅವ್ವ ಎದ್ದು ನಿಂತಳು. ಸೆರಗು ಬಿಗಿದುಕೊಂಡಳು.

"ಹೋಯ್, ಅಂಗಡಿಯವ್ರೇ," ಎಂದಳು. "ನಿಮ್ಮ ಪ್ಲೇಟಲ್ಲಿ ಮೂರೇ ನುಡಿ ಇರೋದು. ಅಷ್ಟಕ್ಕೇ ಜಾಗ ಮುಗೀತಂತೆ. ನಾಕನೇದು ಯಾರತ್ರ ಇದ್ಯೋ ಹೇಳಿ ಕಾಂಬ?"

ಪ್ಲೇಟು ನಿಲ್ಲುವ ಕಡೆಯಿಂದ ಅವ್ವ ಶುರುಮಾಡಿದಳು. ಚಪ್ಪರದ ಗದ್ದಲವನ್ನು ಮೀರಿ ಹಾಡಿ ಬೆಳೆದ ಗಂಟಲು ಅದು, ಮೈಕಿನ ಹಂಗು ಅದಕ್ಕೆ ಯಾವತ್ತೂ ಇರಲಿಲ್ಲ.

ಕೊಟ್ಟೇವು ಮಗಳನ್ನ, ಮಾರಿಲ್ಲ ಬೀಗಾರೆ
ಹುಟ್ಟೀದ ಮನೆಗೆ ಬರುವಾಗ – ಅಪ್ಪಣೆಯ
ಕಟ್ಟಾಳೆ ಹೇಳಬ್ಯಾಡೀರಿ

ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು, ಯಾರೋ ಗಟ್ಟಿಯಾಗಿ ನಕ್ಕರು. ಅವ್ವ ಬೀಗರಿಗೆ ಹೇಳುವ ಬುದ್ಧಿಮಾತನ್ನು ಅಂಗಡಿಯವನ ಮುಖ ನೋಡಿಕೊಂಡೇ ಹೇಳಿದಳು. ಅವನು ತಲೆ ತಗ್ಗಿಸಲಿಲ್ಲ, ಗುಂಡಿಯ ಮೇಲಿನ ಕೈಯನ್ನೂ ತೆಗೆಯಲಿಲ್ಲ.

"ಈ ನುಡಿ ಬೇಕಾದ್ರೆ ಹಾಡ್ಕೊಳ್ಳಿ ಅಮ್ಮಾ. ಮೊದಲ ಮೂರಕ್ಕೆ ಮಾತ್ರ ನಾನು ಮೈಕು ಕೊಡಲ್ಲ," ಎಂದ.

"ನಿನ್ನ ಮೈಕು ನೀನೇ ಇಟ್ಕಾ," ಎಂದಳು ಅವ್ವ. ಆಮೇಲೆ ವೇದಿಕೆಯ ಮೇಲಿದ್ದ ನನ್ನ ಕಡೆಗೆ ತಿರುಗಿ, "ಎಂತ ನೋಡ್ತೀಯೇ? ಮೊದಲಿಂದ ಎತ್ತು. ನಂದು ಅದು," ಎಂದಳು.

ಅವಳು ಹಾಗೆ ಹೇಳಿದ್ದನ್ನು ನಾನು ಅದಕ್ಕೂ ಮುಂಚೆ ಒಮ್ಮೆಯೂ ಕೇಳಿರಲಿಲ್ಲ.