ಟವರುಗಳಿಗೆ ಬ್ಯಾಟರಿ ಆರಿಸುತ್ತಿದ್ದ ಶಿವಲೀಲಕ್ಕ

ಬ್ಯಾಟರಿ ಪೆಟ್ಟಿಗೆಯ ಬಾಗಿಲು ತೆಗೆದ ಕೂಡಲೇ ಶಿವಲೀಲಕ್ಕ ಅದರ ಮೈಗೆ ಅಂಗೈ ಒತ್ತಿ ಹಿಡಿಯುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ನನ್ನ ಕೈಯಲ್ಲಿ ಮೀಟರು ಇರುತ್ತಿತ್ತು. ಅದು ಏನು ತೋರಿಸುತ್ತದೆ ಎಂದು ಅವರು ಕೇಳುತ್ತಿದ್ದದ್ದು ಆಮೇಲೆ.

“ಕಾದೈತೆ ಕಣೋ ಮಂಜಾ. ಇದಕ್ಕೆ ಗಾಳಿ ಸಾಲ್ತಿಲ್ಲ.”

ಹೊನ್ನಾಳಿಯಲ್ಲಿ ಅವರದು ಕೇಬಲ್ ಟಿವಿ ವ್ಯವಹಾರ. ಗಂಡನಿಗೆ ಬಟ್ಟೆ ಅಂಗಡಿ. ಅದು ಬಿಟ್ಟು ಬೇರೆ ಯಾವುದರ ಗೊಡವೆಯೂ ಆ ಮನುಷ್ಯನಿಗಿರಲಿಲ್ಲ. ಜನ ಕೇಬಲ್ ಬಿಡತೊಡಗಿದಾಗ ಅಕ್ಕ ಗುಡ್ಡದ ಮೇಲೂ ತಾರಸಿಯ ಮೇಲೂ ಟವರ್ ನಿಲ್ಲಿಸಿ, ತಂತಿ ಎಳೆಯದೆ ಹಳ್ಳಿ ಮನೆಗಳಿಗೆ ಇಂಟರ್ನೆಟ್ ಕೊಡಲು ಹೊರಟರು. ಚನ್ನಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಪಾಲುದಾರನಾಗಿ ಸೇರಿಸಿಕೊಂಡರು.

ಟವರ್ ನಿಲ್ಲಿಸುವುದು ಸುಲಭ. ಕರೆಂಟ್ ಹೋದಾಗ ಅದನ್ನು ಎಚ್ಚರವಾಗಿಡುವುದೇ ಕಷ್ಟ. ಯಾವ ಜಾಗಕ್ಕೆ ಯಾವ ಬ್ಯಾಟರಿ, ಸೋಲಾರ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಅಕ್ಕ ಅಲ್ಲಿಗೆ ಹೋಗಿ ಬೆಳಗಿನಿಂದ ಸಂಜೆವರೆಗೆ ಕೂರುತ್ತಿದ್ದರು. ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದರು. ಸಾಸ್ವೆಹಳ್ಳಿಯಲ್ಲಿ ನಮಗೆ ತಾರಸಿ ಕೊಟ್ಟವರ ಮನೆಯಲ್ಲಿ ಹೆಂಗಸರ ಜೊತೆ ಅವರೆಕಾಯಿ ಸುಲಿಯುತ್ತಾ ಇಡೀ ದಿನ ಕಳೆದರು. ನನಗೆ ಬೇಸರ ಬಂದದ್ದು ಅವರಿಗೆ ಗೊತ್ತಾಯಿತು.

“ಕರೆಂಟ್ ಎಷ್ಟೊತ್ತು ಹೋಗ್ತೈತೆ ಅಂತ ಎಲ್ರೂ ಕೇಳ್ತಾರೆ. ಬಂದ್ಮೇಲೆ ಎಷ್ಟೊತ್ತು ಇರ್ತೈತೆ ಅಂತ ಕೇಳು. ಬ್ಯಾಟರಿಗೆ ಊಟ ಸಿಗೋದು ಆವಾಗ” ಅಂದರು.

ಅಲ್ಲಿ ಕರೆಂಟ್ ಪದೇ ಪದೇ ಹೋದರೂ ಬೇಗ ಬಂದು ನಿಲ್ಲುತ್ತಿತ್ತು. ಮನೆಗಳ ಇನ್ವರ್ಟರಿಗೆ ಹಾಕುವ ಸಾಧಾರಣ ಬ್ಯಾಟರಿಯೇ ಸಾಕೆಂದರು. ಸಾಕೂ ಆಯಿತು.

ಹಾಗಂತ ಅವರು ಹೇಳಿದ್ದೆಲ್ಲ ಸರಿ ಹೋಗುತ್ತಿತ್ತು ಎಂದಲ್ಲ. ನ್ಯಾಮತಿ ಕಡೆ ಒಂದು ಗುಡ್ಡಕ್ಕೆ ಕರೆಂಟ್ ಲೈನೇ ಇರಲಿಲ್ಲ. ಸೋಲಾರ್ ಜೊತೆಗೆ ಒಂದು ಜನರೇಟರ್ ಇರಲಿ ಎಂದೆ. ಅಕ್ಕ ಒಪ್ಪಲಿಲ್ಲ. “ಆ ಗುಡ್ಡಕ್ಕೆ ಡೀಸೆಲ್ ಹೊರೋರು ಯಾರು? ಅದರ ಸದ್ದು ಕೇಳೋರು ಯಾರು? ಬಿಸಿಲು ಬೇಕಾದಷ್ಟು ಐತೆ.” ಅವರು ಅಲ್ಲಿ ಹೋಗಿ ಕೂತದ್ದು ಬೇಸಿಗೆಯಲ್ಲಿ.

ಆಷಾಢದಲ್ಲಿ ಮೋಡ ಕವಿದು ಬಿಸಿಲೇ ಬೀಳಲಿಲ್ಲ. ಒಂದು ಬೆಳಿಗ್ಗೆ ಟವರ್ ಸತ್ತೇ ಹೋಯಿತು. ಕೆಳಗಿನ ಊರಿನ ಸುಧಾ ಎಂಬ ಹುಡುಗಿಗೆ ನರ್ಸಿಂಗ್ ಸೀಟಿಗೆ ಆನ್‌ಲೈನಿನಲ್ಲಿ ಕಾಲೇಜು ಆರಿಸಲು ಅವತ್ತೇ ಕೊನೆಯ ದಿನ. ಅವಳ ತಾಯಿ ಫೋನ್ ಮಾಡಿ, “ನಿಮ್ಮ ನೆಟ್ ನಂಬ್ಕೊಂಡು ಕೂತಿದ್ವಲ್ಲ ಅಕ್ಕಾರೇ” ಅಂದರು. ಅಕ್ಕ ಓಮ್ನಿ ವ್ಯಾನ್ ತೆಗೆದುಕೊಂಡು ಹೋಗಿ ತಾಯಿ ಮಗಳನ್ನು ಹೊನ್ನಾಳಿಯ ಆಫೀಸಿಗೆ ಕರೆತಂದರು. ಹುಡುಗಿ ಆರಿಸಿ ಮುಗಿಸುವವರೆಗೂ ಕುರ್ಚಿಯ ಹಿಂದೆ ನಿಂತೇ ಇದ್ದರು. ವಾಪಸ್ ಬಿಟ್ಟುಬರಲು ಹೋದವರು ಊರಿನ ಮನೆಮನೆಗೂ ಹೋಗಿ, “ತಪ್ಪು ನಂದೇ ರೀ. ಮೋಡ ಲೆಕ್ಕಕ್ಕೆ ತಗೊಳ್ಳಲಿಲ್ಲ ನಾನು” ಎಂದು ಹೇಳಿ ಬಂದರು.

ಆ ವಾರವೇ ಒಂದು ಸಣ್ಣ ಜನರೇಟರ್ ಕೊಂಡೆವು, ಎಲ್ಲಿ ಬೇಕೋ ಅಲ್ಲಿಗೆ ಒಯ್ಯುವಂಥದ್ದು. ಗುಡ್ಡ ಹತ್ತಿಸುವಾಗ ಕೂಲಿಗೆ ಒಬ್ಬರನ್ನು ಕರೆಯೋಣ ಎಂದೆ. “ಬೇಡ ಅಂದೋಳು ನಾನೇ, ಹೊರಾಕೂ ನಾನೇ ಬರ್ತೀನಿ” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕಡೆ ಹಿಡಿದರು. ದಾರಿಯುದ್ದಕ್ಕೂ ಅದನ್ನು ಬೈಯುತ್ತಲೇ ಹತ್ತಿದರು.

ಕಳೆದ ವರ್ಷ ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಹೊಸ ಟವರಿಗೆ ಜಾಗ ಸಿಕ್ಕಿತು. ಅಷ್ಟರಲ್ಲಿ ಅಕ್ಕನಿಗೆ ಹೃದಯದ ತೊಂದರೆ ಶುರುವಾಗಿ, ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು. ಏನು ಹಾಕೋಣ ಎಂದು ಕೇಳಿದರೆ, “ಹೋಗಿ ಕೂತು ಬಾ” ಎಂದಷ್ಟೇ ಅಂದರು.

ಹೋಗಿ ಕೂತೆ. ಜಾಗ ಕೊಟ್ಟ ಹನುಮಕ್ಕ ಕುರಿ ಸಾಕುವವರು. ಅವರ ಹೊಲಕ್ಕೆ ಕರೆಂಟ್ ಬರುತ್ತಿದ್ದದ್ದು ಸ್ವಲ್ಪ ಹೊತ್ತು, ಪಂಪಿಗಾಗಿ ಮಾತ್ರ. ಅಷ್ಟರಲ್ಲಿ ಸಾಧಾರಣ ಬ್ಯಾಟರಿ ತುಂಬುವುದಿಲ್ಲ. ಬೇಗ ತುಂಬುವ ಲಿಥಿಯಂ ಬ್ಯಾಟರಿ, ಜೊತೆಗೆ ಸೋಲಾರ್, ಮೋಡದ ದಿನಕ್ಕೆ ನಮ್ಮ ಜನರೇಟರ್ ಎಂದು ತೀರ್ಮಾನಿಸಿದೆ. ಅಕ್ಕನಿಗೆ ಫೋನ್ ಮಾಡಿದೆ.

“ಆ ಹೆಂಗಸು ಏನಂತಾಳೆ?”

“ಸೋಲಾರ್ ಹಲಗೆ ಎತ್ತರಕ್ಕೆ ಹಾಕಿ ಅಂತಾರೆ ಅಕ್ಕಾ. ತಗ್ಗಿಗೆ ಹಾಕಿದ್ರೆ ಕುರಿ ಬಂದು ಮೈ ಉಜ್ಜುತಾವಂತೆ. ಎತ್ತರ ಇದ್ರೆ ನೆರಳಿಗೆ ಮಲಗ್ತಾವಂತೆ.”

ಅಕ್ಕ ನಕ್ಕರು. ನಗು ಕೆಮ್ಮಾಯಿತು. ಸುಧಾರಿಸಿಕೊಂಡು, “ಹಂಗಾದ್ರೆ ಎತ್ತರಕ್ಕೇ ಹಾಕು. ಇನ್ನು ನನ್ನ ಕೇಳಾಕೆ ಹೋಗ್ಬೇಡ” ಅಂದರು. ನಾವು ಮಾತಾಡಿದ್ದು ಅದೇ ಕೊನೆ.

ಹಲಗೆಗಳ ಕಂಬಕ್ಕೆ ಕಾಂಕ್ರೀಟ್ ಹಾಕಿ ಕೊಡದ ನೀರಿನಲ್ಲಿ ಕೈ ತೊಳೆಯುತ್ತಿದ್ದಾಗ ಅಕ್ಕನ ಗಂಡ ಫೋನ್ ಮಾಡಿದರು. ಅಕ್ಕನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರಂತೆ, ಬೆಳಗಿನ ಜಾವ ಹೋಗಿಬಿಟ್ಟರಂತೆ. ನಾನು ಕೊಡ ಹಿಡಿದುಕೊಂಡೇ ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಫೋನಿನ ಮಾತು ಕೇಳಿಸಿಕೊಂಡ ಹನುಮಕ್ಕ ಬಂದು, “ಯಾರಪ್ಪಾ ಹೋಗಿದ್ದು?” ಎಂದು ಕೇಳಿದರು.

ಪಾಲುದಾರರು ಎನ್ನಬೇಕಿತ್ತು. ಆ ಮಾತು ಬಾಯಿಗೆ ಬರಲಿಲ್ಲ.

“ನಮ್ಮ ಯಜಮಾನ್ರು” ಅಂದೆ.

ಹನುಮಕ್ಕ ನನ್ನ ಕೈಯಿಂದ ಕೊಡ ತೆಗೆದುಕೊಂಡರು. “ಹೋಗು, ಮಣ್ಣು ಮಾಡಾಕೆ ಹೊತ್ತಾಗ್ತೈತೆ. ಕಾಂಕ್ರೀಟಿಗೆ ನೀರು ನಾನು ಹಾಕ್ತೀನಿ.”