ಅಮ್ಮನ ಕಾಗದ ಓದಿಸಿಕೊಂಡ ಆಂಟಿ

ಅಕ್ಕಿ ಆರಿಸುವಾಗ ಆಂಟಿಯ ಬೆರಳು ಒಂದು ಕಲ್ಲನ್ನೂ ಬಿಡುತ್ತಿರಲಿಲ್ಲ. ಕಣ್ಣು ಪೂರ್ತಿ ಹೋಗಿ ಆರು ವರ್ಷವಾಗಿತ್ತು. ಫ್ರೇಜರ್ ಟೌನಿನ ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಗಂಡ ತೀರಿಕೊಂಡ ಮೇಲೆ ಕೆಳಗೆ ಒಬ್ಬರೇ ಇದ್ದ ಮನೆಯೊಡತಿಯನ್ನು ಆಂಟಿ ಎನ್ನುತ್ತಿದ್ದೆ.

ಆಂಟಿ ಬಾಗ್ದಾದಿನಿಂದ ಬಂದು ಕಲ್ಕತ್ತೆಯಲ್ಲಿ ನೆಲೆಸಿದ ಯಹೂದಿಗಳ ಮಗಳು. ಅವರ ಮನೆಮಾತು ಅರಬ್ಬಿ, ಬರೆಯುವುದು ಹೀಬ್ರೂ ಅಕ್ಷರದಲ್ಲಿ. ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತಮಿಳು ಕ್ರಿಶ್ಚಿಯನ್ನರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಮಾತಿಗೆ ಜೊತೆಯಿರಲಿಲ್ಲ. ಬೆಕ್ಕನ್ನು ಬೈಯುವಾಗ ಮಾತ್ರ ಹೊರಬರುತ್ತಿತ್ತು. ದುಬೈಯಲ್ಲಿ ದುಡಿದು ಬಂದಿದ್ದ ಮೂಲೆ ಅಂಗಡಿಯ ಭಾಯಿ ಒಮ್ಮೆ ಅದನ್ನು ಕೇಳಿ ನಕ್ಕರು: "ಅರಬ್ಬೀನೇ ಆಂಟಿ, ಆದ್ರೆ ಅರ್ಧ ತಿಳಿಯಲ್ಲ."

"ಬಾಗ್ದಾದಲ್ಲೂ ಹಂಗೇ ಅಂತೆ. ನಿಮ್ಮ ಮುಸ್ಲಿಮರ ಮಾತು ಬೇರೆ, ನಮ್ಮೋರ ಮಾತು ಬೇರೆ" ಎಂದರು ಆಂಟಿ.

ಒಂದು ದಿನ ಬೀರುವಿನಿಂದ ಲಕೋಟೆಯೊಂದನ್ನು ತೆಗೆಸಿದರು. ಒಡೆದಿರಲಿಲ್ಲ. ಮದುವೆಗೆ ಬಾರದಿದ್ದ ತಾಯಿ ಮರುವರ್ಷ ಬರೆದದ್ದು.

"ಬೈದಿರ್ತಾಳೆ ಅಂತ ಇಟ್ಬಿಟ್ಟೆ. ಆಮೇಲೆ ಅವಳೇ ಹೋಗ್ಬಿಟ್ಳು. ಈಗ ಓದೋಣ ಅಂದ್ರೆ ಕಣ್ಣಿಲ್ಲ."

ನಾನು ಫೋಟೊ ತೆಗೆದು ಇಸ್ರೇಲಿನಲ್ಲಿದ್ದ ಅವರ ತಮ್ಮನ ಮೊಮ್ಮಗಳಿಗೆ ಕಳಿಸಿದೆ. ಆಕೆಗೆ ಹೀಬ್ರೂ ಅಕ್ಷರ ಬರುತ್ತಿತ್ತು, ಅರಬ್ಬಿ ಬರುತ್ತಿರಲಿಲ್ಲ. ಹಳೆಯ ಕೈಬರಹ ಬಿಡಿಸಲು ಎರಡು ವಾರ ಹಿಡಿಯಿತು. ಕೊನೆಗೆ ಫೋನಿನಲ್ಲಿ, ಅರ್ಥ ತಿಳಿಯದೆಯೇ, ಒಂದೊಂದು ಪದವಾಗಿ ಓದಿದಳು. ಆಂಟಿ ಉಚ್ಚಾರ ತಿದ್ದುತ್ತಾ ಕೇಳುತ್ತಿದ್ದರು. 'ಅಬ್ದಾಲೆಕ್' ಎಂಬಲ್ಲಿಗೆ ತಿದ್ದುವುದು ನಿಂತಿತು.

"ಹಂಗಂದ್ರೆ ಏನಾಂಟಿ?"

"ನಿನಗೆ ಬರೋ ಕಷ್ಟ ನನಗೇ ಬರ್ಲಿ ಅಂತ. ಗಂಡನ್ನೂ ಕರ್ಕೊಂಡು ಬಾ ಅಂತಿದಾಳೆ." ಲಕೋಟೆಯನ್ನು ಬೆರಳಿಂದ ಸವರುತ್ತಾ, "ಐವತ್ತು ವರ್ಷ ಬೀರು ಒಳಗೇ ಇಟ್ಟಿದ್ನಲ್ಲಮ್ಮಾ" ಎಂದರು.

ಮರುದಿನ ಉತ್ತರ ಬರೆಸಿದರು. ಅವರು ಹೇಳಿದ ಅರಬ್ಬಿಯನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಅರ್ಥ ಕೇಳಿದೆ.

"ಅದು ನಮ್ಮಮ್ಮಂಗೆ. ನಿನಗ್ಯಾಕೆ? ನಿಮ್ಮಮ್ಮ ಕೆ.ಆರ್. ಪುರದಲ್ಲಿ ಬದುಕಿದಾರಲ್ಲ, ಹೋಗಿ ಮಾತಾಡು."

ನಾನು ಗಂಡನನ್ನು ಬಿಟ್ಟು ಬಂದಾಗಿನಿಂದ ಅಮ್ಮ, ನಾನು ಮಾತಾಡಿರಲಿಲ್ಲ. ಆ ಭಾನುವಾರ ಹೋದೆ. ಅಮ್ಮ ಬಾಗಿಲಲ್ಲೇ ನಿಂತು, "ತಿಂಡಿ ಆಯ್ತಾ?" ಅಂದಳು.

ಮುಂದಿನ ವರ್ಷ ಆಂಟಿ ತೀರಿಕೊಂಡರು. ಅವರಲ್ಲಿ ಪ್ರಾರ್ಥನೆಗೆ ಹತ್ತು ಮಂದಿ ಯಹೂದಿ ಗಂಡಸರು ಬೇಕಂತೆ. ಮೈಸೂರು ರಸ್ತೆಯ ಯಹೂದಿ ಸ್ಮಶಾನಕ್ಕೆ ಬಂದ ಯಹೂದಿಗಳು ನಾಲ್ವರೇ. ಉಳಿದವರು ಅಂಗಡಿಯ ಭಾಯಿ, ಬೀದಿಯ ಕೆಲವರು, ನಾನು ಮತ್ತು ಅಮ್ಮ. ಅಮ್ಮ ಆಂಟಿಯನ್ನು ಒಮ್ಮೆಯೂ ಕಂಡಿರಲಿಲ್ಲ; ನನ್ನನ್ನು ತನ್ನ ಬಳಿಗೆ ಕಳಿಸಿದವರು ಅವರು ಎಂದಷ್ಟೇ ಗೊತ್ತಿತ್ತು. ಎಲ್ಲರೂ ಮಣ್ಣು ಹಾಕಿ ಹಿಂದೆ ಸರಿದ ಮೇಲೆ ಅವಳು ಚಪ್ಪಲಿ ಬಿಟ್ಟು ಮುಂದೆ ಹೋಗಿ, ತಾನೂ ಒಂದು ಹಿಡಿ ಹಾಕಿದಳು.